ಬ್ಯಾಂಡಿನ ಹಾಡು ನಮ್ಮನ್ನು ಸೆಳೆಯುವ ಬಗೆ

ಧ್ವನಿಶಾಸ್ತ್ರದ ಪಾಠವನ್ನು ಆರಂಭಿಸುವ ದಿನ ನಾವು ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಒಂದು ಪ್ರಶ್ನೆಯನ್ನು ಹಾಕುವುದುಂಟು. ಯಾವ ಹಾಡನ್ನು ಕೇಳಿ, ಯಾವ ವಾದ್ಯಮೇಳಕ್ಕೆ ನೀವು ಮೊಟ್ಟಮೊದಲು ಮನಸೋತಿರಿ? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಿಂದ ಬಂದವರೇ ನಮ್ಮ ತರಗತಿಯಲ್ಲಿ ಹೆಚ್ಚು. ಶ್ರೀರಂಗಪಟ್ಟಣದವರು ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ದಸರಾ ಮೆರವಣಿಗೆಯ ಬ್ಯಾಂಡನ್ನು ಹೆಸರಿಸುತ್ತಾರೆ. 1610ರಲ್ಲಿ ರಾಜ ಒಡೆಯರು ನವರಾತ್ರಿಯ ಉತ್ಸವವನ್ನು ಆರಂಭಿಸಿದುದು ತಮ್ಮೂರಿನಲ್ಲಿಯೇ ಎಂಬ ಹೆಮ್ಮೆ ಅವರ ಮಾತಿನಲ್ಲಿ ಇದ್ದೇ ಇರುತ್ತದೆ. ಪಾಂಡವಪುರದ ಕಡೆಯವರಲ್ಲಿ ಕೆಲವರಿಗೆ ಮೇಲುಕೋಟೆಯ ವೈರಮುಡಿಯ ರಾತ್ರಿ ಕೇಳಿದ ನಾಗಸ್ವರದ ನೆನಪು. ನಾಗಮಂಗಲದವರಿಗೆ ಊರಹಬ್ಬದ ತಮಟೆ. ಕೃಷ್ಣರಾಜಪೇಟೆಯವರಿಗೆ ಮದುವೆಯ ಬ್ಯಾಂಡ್ ಸೆಟ್ಟು. ಕೈಯಲ್ಲಿರುವ ಫೋನಿನಿಂದಲೇ ದೂರದೇಶದ ಮೇಳಗಳ ಪರಿಚಯ ಮಾಡಿಕೊಂಡವರೂ ಉಂಟು. ಅವರನ್ನು ನಾವು ಹೀಗಳೆಯುವುದಿಲ್ಲ.

ಇದಾದ ಮೇಲೆ ನಾವು ಎರಡನೆಯ ಪ್ರಶ್ನೆಯನ್ನು ಕೇಳುತ್ತೇವೆ. ಆ ಹಾಡು ಕಿವಿಗೆ ಬಿದ್ದಾಗ ನೀವು ಎಷ್ಟು ದೂರದಲ್ಲಿದ್ದಿರಿ?

ಇಲ್ಲಿ ತರಗತಿ ಒಮ್ಮೆಲೇ ಮೌನವಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರಾಗಿ ಹೇಳತೊಡಗುತ್ತಾರೆ. ಒಬ್ಬನು ಹಾಸಿಗೆಯಲ್ಲಿ ಮಲಗಿದ್ದನು. ಒಬ್ಬಳು ತಾರಸಿಯ ಮೇಲೆ ರಾಗಿ ಕಾಯುತ್ತಿದ್ದಳು. ಇನ್ನೊಬ್ಬನು ಪಕ್ಕದೂರಿನ ಗಡಿಯಲ್ಲಿ ದನ ಹೊಡೆದುಕೊಂಡು ಬರುತ್ತಿದ್ದನು. ಬ್ಯಾಂಡಿನ ಎದುರಿಗೇ ನಿಂತು ಅಭಿಮಾನಿಗಳಾದವರಿಗಿಂತ ದೂರದಿಂದ ಕೇಳಿ ಅಭಿಮಾನಿಗಳಾದವರೇ ಹೆಚ್ಚೆಂದು ನಮಗೆ ಪ್ರತಿ ವರ್ಷವೂ ತೋರಿಬಂದಿದೆ. ಇದನ್ನು ಶಾಸ್ತ್ರೀಯವಾದ ಜನಗಣತಿಯೆಂದು ಯಾರೂ ಭಾವಿಸಬೇಕಾದುದಿಲ್ಲ. ಆದರೆ ನಮ್ಮ ಸ್ವಂತ ಅನುಭವವೂ ಅದೇ ಆಗಿರುವುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ನಮ್ಮ ಹುಟ್ಟೂರು ಪಾಂಡವಪುರ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿ; ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬೆಳೆಯುವ ಗದ್ದೆಯ ಬಯಲು. ನಮ್ಮ ತಾತನವರಿಗೆ ಒಂದು ಆಲೆಮನೆಯಿತ್ತು. ನಮಗೆ ಹನ್ನೆರಡು ವರ್ಷ ವಯಸ್ಸಾಗಿದ್ದಾಗ, ಕಾರ್ತಿಕ ಮಾಸದ ಒಂದು ರಾತ್ರಿ, ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆಯನ್ನು ಹಾಕುತ್ತಾ ಕುಳಿತಿದ್ದೆವು. ನಾಲೆಯಾಚೆಯ ಊರಿನಲ್ಲಿ ಮದುವೆ. ಬೀಗರ ಮೆರವಣಿಗೆ ಹೊರಟಿತ್ತು. ಮೊದಲು ದೊಡ್ಡ ಡ್ರಮ್ಮಿನ ಸದ್ದು, ಎದೆಯ ಬಡಿತದಂತೆ. ಕೊಂಚ ಹೊತ್ತಿನಲ್ಲಿ ಟ್ರಂಪೆಟ್ಟು. ಮೆರವಣಿಗೆ ಊರಿನ ಈಚೆಯ ಬೀದಿಗೆ ತಿರುಗಿದ ಮೇಲೆ ಕ್ಲಾರಿಯೋನೆಟ್ಟು. ಅದು ನುಡಿಸುತ್ತಿದ್ದುದು 1993ರ 'ಆಕಸ್ಮಿಕ' ಚಿತ್ರದಲ್ಲಿ ಹಂಸಲೇಖ ಅವರ ಸಂಗೀತಕ್ಕೆ ರಾಜ್‌ಕುಮಾರ್ ಅವರು ಹಾಡಿರುವ ಕನ್ನಡ ನಾಡಿನ ಹಾಡು. ಆ ಭಾಗದ ಯಾವ ಮದುವೆಯ ಬ್ಯಾಂಡೂ ಅದನ್ನು ನುಡಿಸದೆ ಬಿಟ್ಟುದನ್ನು ನಾವು ಕಂಡಿಲ್ಲ. ನಮ್ಮ ಕೈಯಲ್ಲಿದ್ದ ಸಿಪ್ಪೆ ಕೈಯಲ್ಲಿಯೇ ಉಳಿಯಿತು. ತಾತನವರು ಬೈಯಲಿಲ್ಲ. "ಸದ್ದು ಹತ್ರಕ್ಕೆ ಬಂದದೆ ಕಣ್ ಮಗ, ನಾಳೀಕೆ ಇಬ್ಬನಿ ಜೋರಾಗಿ ಬೀಳ್ತದೆ" ಎಂದಷ್ಟೇ ಹೇಳಿದರು.

ಆ ರಾತ್ರಿಯಿಂದ ನಾವು ಆ ಬ್ಯಾಂಡ್ ಸೆಟ್ಟಿನ ಅಭಿಮಾನಿಗಳಾದೆವು. ಸುತ್ತಣ ಹಳ್ಳಿಗಳಲ್ಲಿ ಅವರು ಎಲ್ಲಿ ನುಡಿಸಿದರೂ ಕರೆಯದಿದ್ದರೂ ಹೋಗುತ್ತಿದ್ದೆವು; ಊಟವನ್ನೂ ಮಾಡಿ ಬರುತ್ತಿದ್ದೆವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ತಾತನವರ ಮಾತಿನಲ್ಲಿ ಎಷ್ಟು ಭೌತಶಾಸ್ತ್ರ ಅಡಗಿತ್ತೆಂಬುದು ನಮಗೆ ತಿಳಿದುದು ಬಹಳ ಕಾಲದ ಮೇಲೆ.

ಮೊದಲು ಒಂದು ಲೆಕ್ಕವನ್ನು ಮಾಡೋಣ. ಒಂದು ಬ್ಯಾಂಡಿನಿಂದ 2 ಮೀಟರು ದೂರದಲ್ಲಿ ನಿಂತವನಿಗೆ ಧ್ವನಿಯ ಮಟ್ಟ 100 ಡೆಸಿಬೆಲ್ ಇದೆಯೆಂದು ಇಟ್ಟುಕೊಳ್ಳಿ. ಬಯಲಿನಲ್ಲಿ ಧ್ವನಿಯು ಎಲ್ಲ ದಿಕ್ಕಿಗೂ ಹರಡುವುದರಿಂದ ದೂರ ಎರಡರಷ್ಟಾದಾಗ ಅದರ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಡೆಸಿಬೆಲ್ಲಿನ ಲೆಕ್ಕದಲ್ಲಿ ಇದು 6ರಷ್ಟು ಇಳಿತ. 2 ಮೀಟರಿನಿಂದ 4, 8, 16 ಎಂದು ಒಂಬತ್ತು ಸಲ ಇಮ್ಮಡಿಸಿದರೆ 1024 ಮೀಟರು; ಅಂದರೆ ಒಂದು ಕಿಲೋಮೀಟರಿಗೆ ಒಂದಿಷ್ಟು ಹೆಚ್ಚು. ಒಂಬತ್ತು ಸಲ ಆರು, ಐವತ್ತನಾಲ್ಕು. ಹೀಗೆ ಒಂದು ಕಿಲೋಮೀಟರಿನಾಚೆ ಉಳಿಯುವುದು 46 ಡೆಸಿಬೆಲ್. ಹಗಲಿನ ಗದ್ದಲದಲ್ಲಿ ಇದು ಸುಲಭವಾಗಿ ಮುಳುಗಿಹೋಗುತ್ತದೆ. ಆದರೆ ಸದ್ದಡಗಿದ ಹಳ್ಳಿಯ ರಾತ್ರಿಯಲ್ಲಿ ಇಷ್ಟು ಧ್ವನಿ ಧಾರಾಳವಾಗಿ ಸಾಕು.

ಇದು ಹರಡುವಿಕೆಯಿಂದ ಆಗುವ ಇಳಿತ ಮಾತ್ರ. ಇದಲ್ಲದೆ ಗಾಳಿಯೂ ತನ್ನ ಪಾಲಿನ ಸುಂಕವನ್ನು ತೆಗೆದುಕೊಳ್ಳುತ್ತದೆ, ಮತ್ತು ಈ ಸುಂಕ ಎಲ್ಲ ಸ್ವರಗಳಿಗೂ ಒಂದೇ ಅಲ್ಲ. 20 ಡಿಗ್ರಿ ಉಷ್ಣತೆಯ, ತಕ್ಕಮಟ್ಟಿಗೆ ತೇವವಿರುವ ಗಾಳಿಯಲ್ಲಿ, ಸೆಕೆಂಡಿಗೆ 125 ಕಂಪನಗಳುಳ್ಳ ಮಂದ್ರಧ್ವನಿ ಒಂದು ಕಿಲೋಮೀಟರಿಗೆ ಕಳೆದುಕೊಳ್ಳುವುದು ಸುಮಾರು 0.3 ಡೆಸಿಬೆಲ್. 1000 ಕಂಪನಗಳ ಧ್ವನಿ ಸುಮಾರು 5 ಡೆಸಿಬೆಲ್. 4000 ಕಂಪನಗಳ ಧ್ವನಿ ಸುಮಾರು 23 ಡೆಸಿಬೆಲ್. ಎಂದರೆ ಅದರ ತೀವ್ರತೆ ಇನ್ನೂರರಲ್ಲಿ ಒಂದು ಪಾಲಾಗುತ್ತದೆ. ಆಲೆಮನೆಯಲ್ಲಿ ಕುಳಿತ ಹುಡುಗನಿಗೆ ಡ್ರಮ್ಮು ಮೊದಲು ಕೇಳಿಸಿ, ಕ್ಲಾರಿಯೋನೆಟ್ಟು ಕೊನೆಗೆ ಕೇಳಿಸಿದುದರ ರಹಸ್ಯ ಇಲ್ಲಿದೆ. ಡ್ರಮ್ಮು ಬೇಗ ಬರಲಿಲ್ಲ. ಅದು ಕಡಮೆ ಸವೆದು ಬಂದಿತು. ಓದುಗರು ಈ 23 ಎಂಬ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅದು ಬೇರೊಂದು ಸಂದರ್ಭದಲ್ಲಿ ಬರಲಿದೆ.

ಬೇಗ ಬರಲಿಲ್ಲವೆಂದೆವು. ಇದು ಎಷ್ಟು ಮುಖ್ಯವಾದ ಸಂಗತಿಯೆಂಬುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರೆಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಮಂದ್ರಸ್ವರಕ್ಕೂ ತಾರಸ್ವರಕ್ಕೂ ಈ ವೇಗ ಒಂದೇ ಎಂಬುದರ ಮಹತ್ತ್ವವನ್ನು ಯಾರೂ ನಿಂತು ಯೋಚಿಸುವುದಿಲ್ಲ. ಹಾಗಿಲ್ಲದೆ ತಾರಸ್ವರಗಳು ನೂರರಲ್ಲಿ ಹತ್ತು ಪಾಲು ವೇಗವಾಗಿ ಓಡುತ್ತಿದ್ದವೆಂದು ಊಹಿಸಿಕೊಳ್ಳಿ. ಒಂದು ಕಿಲೋಮೀಟರು ಕಳೆಯುವಷ್ಟರಲ್ಲಿ ಅವು ಕಾಲು ಸೆಕೆಂಡಿಗೂ ಹೆಚ್ಚು ಮುಂದಾಗಿರುತ್ತಿದ್ದವು. ಷಡ್ಜ ಬರುವ ಮೊದಲೇ ನಿಷಾದ ಬಂದಿರುತ್ತಿತ್ತು. ತಾಳ ಒಂದು ಕಡೆ, ರಾಗ ಒಂದು ಕಡೆ. ದೂರದಿಂದ ಸಂಗೀತವನ್ನು ಕೇಳುವುದೆಂಬುದೇ ಇರುತ್ತಿರಲಿಲ್ಲ. ಫ್ರಾನ್ಸಿನ ವಿಜ್ಞಾನಿ ಬಯೋ ಎಂಬಾತನು 19ನೆಯ ಶತಮಾನದ ಆರಂಭದಲ್ಲಿ ಪ್ಯಾರಿಸಿನ ನೀರಿನ ಕೊಳವೆಗಳಲ್ಲಿ ಧ್ವನಿಯ ಪ್ರಯೋಗಗಳನ್ನು ನಡೆಸಿದನು. 951 ಮೀಟರು ಉದ್ದದ ಕೊಳವೆಯ ಒಂದು ತುದಿಯಲ್ಲಿ ಕೊಳಲನ್ನು ನುಡಿಸಿದಾಗ ಇನ್ನೊಂದು ತುದಿಯಲ್ಲಿ ಹಾಡು ಸ್ವಲ್ಪವೂ ಕೆಡದೆ ಕೇಳಿಸಿತು. ನಾಲೆಯಾಚೆಯ ಬ್ಯಾಂಡು ನಮಗೆ ಮಾಡಿ ತೋರಿಸಿದುದೂ ಅದೇ ಪ್ರಯೋಗ. ಕೊಳವೆಯೊಂದಿರಲಿಲ್ಲ ಅಷ್ಟೆ.

ಸ್ವರಗಳೆಲ್ಲ ಒಟ್ಟಿಗೇ ಬಂದರೂ ತಡವಾಗಿಯಂತೂ ಬರುತ್ತವೆ. ಕಿರಂಗೂರಿನಿಂದ ಹೊರಡುವಂಥ ಮೆರವಣಿಗೆಯಲ್ಲಿ ಬ್ಯಾಂಡಿನ ಹಿಂದೆ ಒಂದು ಉದ್ದವಾದ ಸಾಲು ಹೆಜ್ಜೆಹಾಕುತ್ತ ಬರುತ್ತದೆಂದು ಭಾವಿಸಿ. ನಿಮಿಷಕ್ಕೆ 120 ಹೆಜ್ಜೆಯಾದರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಬ್ಯಾಂಡಿನಿಂದ 170 ಮೀಟರು ಹಿಂದೆ ಇರುವವನಿಗೆ ಡ್ರಮ್ಮಿನ ಏಟು ತಲಪುವುದಕ್ಕೆ ಅರ್ಧ ಸೆಕೆಂಡು ಬೇಕು. ಆತನು ಪ್ರಾಮಾಣಿಕವಾಗಿ ಡ್ರಮ್ಮನ್ನು ಅನುಸರಿಸಿದರೆ ಮುಂದಿನವರು ಎಡಗಾಲು ಇಡುವಾಗ ಅವನು ಬಲಗಾಲು ಇಡುತ್ತಿರುತ್ತಾನೆ! 85 ಮೀಟರು ಹಿಂದಿರುವವನ ಗತಿಯೇನೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು.

ಇನ್ನು ಇಬ್ಬನಿಯ ವಿಷಯ. ಹಗಲಿನಲ್ಲಿ ನೆಲ ಕಾಯುತ್ತದೆ. ನೆಲಕ್ಕೆ ಹತ್ತಿದ ಗಾಳಿ ಬಿಸಿಯಾಗಿಯೂ ಮೇಲಿನದು ತಂಪಾಗಿಯೂ ಇರುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಧ್ವನಿಯ ವೇಗ ಸೆಕೆಂಡಿಗೆ 0.6 ಮೀಟರಿನಷ್ಟು ಏರುವುದರಿಂದ, ಹಗಲಿನಲ್ಲಿ ತರಂಗದ ಕೆಳಭಾಗ ಮುಂದಾಗಿ ಮೇಲ್ಭಾಗ ಹಿಂದುಳಿದು, ಧ್ವನಿ ಆಕಾಶದ ಕಡೆಗೆ ಬಾಗುತ್ತದೆ. ಬ್ಯಾಂಡಿನ ಹಾಡು ನಮ್ಮ ತಲೆಯ ಮೇಲೆ ಹಾರಿಹೋಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಇದೆಲ್ಲವೂ ತಿರುಗುಮುರುಗು. ನೆಲ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ತಣ್ಣಗಾಗುತ್ತದೆ. ನೆಲದ ಬಳಿಯ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ಧ್ವನಿ ಕೆಳಕ್ಕೆ ಬಾಗುತ್ತದೆ. ಮೇಲಕ್ಕೆ ಹೊರಟದ್ದೂ ಕಮಾನಿನಂತೆ ತಿರುಗಿ, ಕಬ್ಬಿನ ಗದ್ದೆಯ ಮೇಲೆ ದಾಟಿ, ದೂರದ ಆಲೆಮನೆಯ ಅಂಗಳಕ್ಕೆ ಇಳಿಯುತ್ತದೆ. ಯಾವ ರಾತ್ರಿ ನೆಲ ಹೀಗೆ ಚೆನ್ನಾಗಿ ತಣಿಯುತ್ತದೆಯೋ ಅದೇ ರಾತ್ರಿ ಹುಲ್ಲಿನ ಮೇಲೆ ಇಬ್ಬನಿಯೂ ಕಟ್ಟುತ್ತದೆ. ಸದ್ದು ಹತ್ತಿರಕ್ಕೆ ಬಂದುದಕ್ಕೂ ನಾಳೆಯ ಇಬ್ಬನಿಗೂ ತಾಯಿ ಒಬ್ಬಳೇ. ಓದುಬರಹ ಹೆಚ್ಚಾಗಿ ತಿಳಿಯದ ನಮ್ಮ ತಾತನವರು ಈ ಸಂಬಂಧವನ್ನು ಗುರುತಿಸಿದ್ದರು; ಪದವೀಧರರಾದ ನಾವು ಅದನ್ನು ಪಠ್ಯಪುಸ್ತಕದಲ್ಲಿ ಓದಿದ ಮೇಲೆ ನಂಬಿದೆವು.

ಹಾಡು ಬಂದು ತಲಪಿತು. ಆದರೆ ಬ್ಯಾಂಡಿಗೆ ಬ್ಯಾಂಡಿನದೇ ಆದ ಆ ನಾದ ಎಲ್ಲಿಂದ ಬರುತ್ತದೆ?

ನಾಗಮಂಗಲದ ವಿದ್ಯಾರ್ಥಿಗಳಿಗೆ ಹಿತ್ತಾಳೆಯ ಪರಿಚಯ ಹೆಚ್ಚು. ಲೋಹವಿಗ್ರಹ, ಹಿತ್ತಾಳೆಯ ಸಾಮಾನುಗಳ ಕಸುಬಿಗೆ ಹೆಸರಾಗಿದ್ದ ಊರು ಅದು. ಗಂಟೆಯನ್ನು ಬಡಿದರೆ ಲೋಹವೇ ನಡುಗಿ ನಾದ ಕೊಡುವುದನ್ನು ಅವರು ಕಂಡಿದ್ದಾರೆ. ಆದುದರಿಂದ ಟ್ರಂಪೆಟ್ಟಿನಲ್ಲಿಯೂ ಹಿತ್ತಾಳೆಯೇ ಹಾಡುತ್ತದೆಂದು ಅವರು ವಾದಿಸುವುದು ಸಹಜ. ಆದರೆ ಅದು ಸರಿಯಲ್ಲ. ಊದುವ ವಾದ್ಯಗಳಲ್ಲಿ ಹಾಡುವುದು ಒಳಗಿನ ಗಾಳಿಯ ಕಂಬ. ಲೋಹವಾಗಲಿ ಮರವಾಗಲಿ ಆ ಕಂಬಕ್ಕೆ ಆಕಾರ ಕೊಡುವ ಗೋಡೆ ಮಾತ್ರ. ಆಕಾರವೇ ಇಲ್ಲಿ ಸರ್ವಸ್ವ.

ಕ್ಲಾರಿಯೋನೆಟ್ಟಿನ ಕೊಳವೆ ಬಹುಮಟ್ಟಿಗೆ ಸಿಲಿಂಡರಿನ ಆಕಾರದ್ದು, ಉದ್ದಕ್ಕೂ ಒಂದೇ ಅಗಲ. ರೀಡು ಇರುವ ತುದಿ ಮುಚ್ಚಿದ ತುದಿಯಂತೆ ವರ್ತಿಸುತ್ತದೆ. ಒಂದು ಕಡೆ ಮುಚ್ಚಿದ ಇಂಥ ಕೊಳವೆಯಲ್ಲಿ ಧ್ವನಿತರಂಗದ ಕಾಲುಭಾಗ ಮಾತ್ರ ಹಿಡಿಸುವುದರಿಂದ ಸುಮಾರು 60 ಸೆಂಟಿಮೀಟರು ಉದ್ದದ ವಾದ್ಯ ಸೆಕೆಂಡಿಗೆ 145ರ ಹತ್ತಿರದ ಕಂಪನಸಂಖ್ಯೆಯವರೆಗೂ ಇಳಿಯಬಲ್ಲುದು. ಎರಡು ಕಡೆಯೂ ತೆರೆದ ಅಷ್ಟೇ ಉದ್ದದ ಕೊಳಲಾಗಿದ್ದರೆ ಅದರ ಎರಡರಷ್ಟಕ್ಕೇ ನಿಲ್ಲಬೇಕಾಗಿತ್ತು. ಇದಲ್ಲದೆ ಮೂಲಸ್ವರದ ಮೂರು, ಐದು, ಏಳು ಪಟ್ಟಿನ ಉಪಸ್ವರಗಳು ಅದರಲ್ಲಿ ಪ್ರಬಲ. ಕೆಳಗಿನ ಸ್ವರಗಳಲ್ಲಿ ಎರಡು, ನಾಲ್ಕು ಪಟ್ಟಿನವು ಕ್ಷೀಣ. ಆ ವಾದ್ಯದ ಒಂದು ಬಗೆಯ ಟೊಳ್ಳಾದ, ಇಂಪಾದ ದನಿಗೆ ಇದೇ ಕಾರಣ.

ನಾಗಸ್ವರದ ಕೊಳವೆ ಹೀಗಲ್ಲ. ಅದು ಮೇಲೆ ಕಿರಿದು, ಕೆಳಗೆ ಅಗಲ, ಶಂಕುವಿನ ಆಕಾರ. ಇಂಥ ಕೊಳವೆಯಲ್ಲಿ ಒಂದು ತುದಿ ಮುಚ್ಚಿದ್ದರೂ ಎರಡು, ಮೂರು, ನಾಲ್ಕು, ಎಲ್ಲ ಪಟ್ಟಿನ ಉಪಸ್ವರಗಳೂ ದೊರೆಯುತ್ತವೆ. ವಾದಕನು ಉಸಿರನ್ನು ಬಿಗಿಹಿಡಿದು ಊದಿದರೆ ನಾಗಸ್ವರ ಷಡ್ಜದಿಂದ ನೇರವಾಗಿ ಮೇಲಿನ ಷಡ್ಜಕ್ಕೆ ನೆಗೆಯುತ್ತದೆ. ಕ್ಲಾರಿಯೋನೆಟ್ಟು ಮಾತ್ರ ಮೂರು ಪಟ್ಟಿಗೆ, ಎಂದರೆ ತಾರಸ್ಥಾಯಿಯ ಪಂಚಮಕ್ಕೆ ನೆಗೆಯುತ್ತದೆ. ಒಂದು ವಾದ್ಯವನ್ನು ಬಲ್ಲವನಿಗೆ ಇನ್ನೊಂದನ್ನು ಕಲಿಯುವುದು ಏಕೆ ತೊಡಕೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ನಮಗೆ ಕದ್ರಿ ಗೋಪಾಲನಾಥರ ನೆನಪಾಗದೆ ಇರುವುದಿಲ್ಲ. 1949ರಲ್ಲಿ ದಕ್ಷಿಣ ಕನ್ನಡದ ಬಂಟವಾಳ ತಾಲ್ಲೂಕಿನ ಸಜಿಪಮೂಡ ಗ್ರಾಮದಲ್ಲಿ ಹುಟ್ಟಿದ ಅವರು ನಾಗಸ್ವರ ವಿದ್ವಾಂಸರ ಮಗ. ಬಾಲ್ಯದಲ್ಲಿ ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುವುದನ್ನು ಕೇಳಿ ಮರುಳಾಗಿ, ಅದನ್ನೇ ಕಲಿಯುವೆನೆಂದು ನಿಶ್ಚಯಿಸಿದರು. ಬ್ಯಾಂಡೊಂದರ ನಾದ ಒಬ್ಬ ಹುಡುಗನ ಇಡೀ ಬಾಳನ್ನು ತಿರುಗಿಸಿದುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವನ್ನು ನಾವು ಕಾಣೆವು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು 1846ರಲ್ಲಿ ಪೇಟೆಂಟು ಪಡೆದ ಈ ವಾದ್ಯದ ಮೈ ಹಿತ್ತಾಳೆ, ಬಾಯಿಗೆ ಕ್ಲಾರಿಯೋನೆಟ್ಟಿನಂತೆ ಒಂದೇ ರೀಡು. ಆದರೆ ಒಳಗಿನ ಕೊಳವೆ ಶಂಕುವಿನ ಆಕಾರದ್ದು! ನೋಟಕ್ಕೆ ಅದು ಪರದೇಶಿಯಾದರೂ ಅದರೊಳಗಿನ ಗಾಳಿಯ ಕಂಬ ನಾಗಸ್ವರದ ಹತ್ತಿರದ ಸಂಬಂಧಿ. ನಾಗಸ್ವರದ ಮನೆಯಲ್ಲಿ ಬೆಳೆದ ಕಿವಿ ಅದರಲ್ಲಿ ತನ್ನ ಮನೆಯ ದನಿಯನ್ನೇ ಗುರುತಿಸಿತೇನೋ! ಇದು ನಮ್ಮ ಊಹೆ. ಓದುಗರು ಒಪ್ಪಬಹುದು, ಬಿಡಬಹುದು.

ಒಲಿದ ಮಾತ್ರಕ್ಕೆ ವಾದ್ಯ ಕೈಗೆ ಬರುವುದಿಲ್ಲ. ನಾಗಸ್ವರದ ರಂಧ್ರಗಳು ಬೆರಳಿಗೆ ನೇರವಾಗಿ ಸಿಕ್ಕುತ್ತವೆ. ಅರ್ಧ ಮುಚ್ಚಿ, ಕಾಲುಭಾಗ ತೆರೆದು ಗಮಕವನ್ನು ಎಳೆಯಬಹುದು. ಸ್ಯಾಕ್ಸೊಫೋನಿನ ರಂಧ್ರಗಳಿಗೆ ಕೀಲಿಯ ಮುಚ್ಚಳಗಳುಂಟು. ಅವು ಸ್ವರದಿಂದ ಸ್ವರಕ್ಕೆ ಮೆಟ್ಟಲು ಹಾರಿದಂತೆ ಹಾರುತ್ತವೆ. ನಮ್ಮ ಸಂಗೀತಕ್ಕೆ ಬೇಕಾದುದು ಮೆಟ್ಟಲಲ್ಲ, ಇಳಿಜಾರು. ಗೋಪಾಲನಾಥರು ವಾದ್ಯದಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡು, ಸುಮಾರು ಇಪ್ಪತ್ತು ವರ್ಷಗಳ ಸಾಧನೆಯಿಂದ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ನಾವು ತರಗತಿಯಲ್ಲಿ ಶಂಕು ಕೊಳವೆಯ ಪಾಠವನ್ನೇ ಮಾಡಿದೆವು. ನಮಗೆ ತಿಳಿದ ಶ್ರದ್ಧಾಂಜಲಿ ಅದೊಂದೇ.

ಬ್ಯಾಂಡಿನ ಇನ್ನೊಂದು ಗುಣವನ್ನು ಒಂದೆರಡು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇವೆ. ಒಂದೇ ಸ್ವರವನ್ನು ಇಬ್ಬರು ಕ್ಲಾರಿಯೋನೆಟ್ಟಿನವರು ನುಡಿಸಿದಾಗ ಒಬ್ಬನದು 440 ಕಂಪನ, ಇನ್ನೊಬ್ಬನದು 442 ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಎರಡು ಸಲ ಧ್ವನಿ ಉಬ್ಬಿ ಕುಗ್ಗುತ್ತದೆ. ಇಬ್ಬರ ಬದಲು ಆರೇಳು ಮಂದಿಯಾದರೆ ಈ ಉಬ್ಬುಕುಗ್ಗುಗಳು ಒಂದರೊಳಗೊಂದು ಬೆರೆತು ದನಿಗೆ ಒಂದು ಮಿನುಗು ಬರುತ್ತದೆ. ಶ್ರುತಿ ಅತಿ ಶುದ್ಧವಾಗಿದ್ದರೆ ಈ ಮಿನುಗು ಇರುವುದಿಲ್ಲ. ಅತಿ ಕೆಟ್ಟರೆ ಕೇಳುವುದಕ್ಕಾಗುವುದಿಲ್ಲ. ಮದುವೆಯ ಬ್ಯಾಂಡುಗಳು ಬಹುಮಟ್ಟಿಗೆ ಇವೆರಡರ ನಡುವೆ ಎಲ್ಲಿಯೋ ಇರುತ್ತವೆ.

ಈಗ ಮನಸ್ಸಿನ ವಿಷಯಕ್ಕೆ ಬರೋಣ. ಇದು ನಮ್ಮ ಶಾಸ್ತ್ರದ ಎಲ್ಲೆಯಾಚೆಯದಾದರೂ ಬಿಡುವಂತಿಲ್ಲ. ಆ ರಾತ್ರಿ ಕೇಳಿದ ಹಾಡನ್ನು ನಾವು ಮೊದಲ ಬಾರಿ ಕೇಳಿದೆವೆಂದೇ ಬಹುಕಾಲ ನಂಬಿದ್ದೆವು. ಯೋಚಿಸಿ ನೋಡಿದರೆ ಅದು ನಿಜವಲ್ಲ. ತಾತನವರ ರೇಡಿಯೋದಲ್ಲಿ, ಬಸ್ಸಿನಲ್ಲಿ, ರಾಜ್ಯೋತ್ಸವದ ಧ್ವನಿವರ್ಧಕದಲ್ಲಿ ಅದನ್ನು ಎಷ್ಟೋ ಸಲ ಕೇಳಿದ್ದೆವು, ಗಮನಿಸಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಜೈಯಾನ್ಸ್ 1968ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಲೇಖನವೊಂದರಲ್ಲಿ, ಒಂದು ವಸ್ತು ಮತ್ತೆಮತ್ತೆ ಎದುರಾಗುವುದೇ ಅದರ ಮೇಲೆ ಒಲವು ಹುಟ್ಟುವುದಕ್ಕೆ ಸಾಕಾಗಬಹುದೆಂದು ತೋರಿಸಿದನು. 'ಮೊದಲ ಹಾಡು' ಎಂದು ನಾವು ಕರೆಯುವುದು ಮೊದಲು ಕೇಳಿದ ಹಾಡನ್ನಲ್ಲ, ಮೊದಲು ಕಿವಿಗೊಟ್ಟ ಹಾಡನ್ನು. ದೂರ ಇದಕ್ಕೆ ನೆರವಾಗುತ್ತದೆಂಬುದು ನಮ್ಮ ಅಭಿಪ್ರಾಯ. ಅರೆಬರೆಯಾಗಿ ಬಂದ ರಾಗದ ಕಳೆದುಹೋದ ಸ್ವರಗಳನ್ನು ಕೇಳುವವನು ತನ್ನ ನೆನಪಿನಿಂದ ತುಂಬಬೇಕಾಗುತ್ತದೆ. ಮುಂದಿನ ಸ್ವರ ಯಾವುದೆಂದು ಕಾಯುತ್ತಾನೆ. ಅದು ಬಂದಾಗ ಹಿಗ್ಗುತ್ತಾನೆ. ಕೆನಡಾ ದೇಶದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೈನವಿರೇಳಿಸುವ ಸಂಗೀತವನ್ನು ಕೇಳುವವರ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕ ಸ್ರವಿಸುವುದು ಕಂಡುಬಂದಿತು. ಸುಖದ ಶಿಖರ ಬಂದಾಗ ಮಾತ್ರವಲ್ಲ, ಅದನ್ನು ನಿರೀಕ್ಷಿಸುವ ಕ್ಷಣಗಳಲ್ಲಿಯೂ ಮಿದುಳಿನ ಬೇರೊಂದು ಭಾಗದಲ್ಲಿ ಹೀಗೆಯೇ ಆಗುತ್ತಿತ್ತು.

ಅದು ರಾಜ್‌ಕುಮಾರ್ ಅವರ ಹಾಡೇ ಆಗಿದ್ದುದು ಏಕೆ? ಅದು ನಮ್ಮ ತಂದೆಯವರ ಮೆಚ್ಚಿನ ದನಿ. ಅಮೆರಿಕದ ಕ್ರುಮ್‌ಹಾನ್ಸಲ್ ಮತ್ತು ಜುಪ್ನಿಕ್ ಎಂಬ ಸಂಶೋಧಕರು 2013ರಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಪ್ರಕಟಿಸಿದರು. ಇಪ್ಪತ್ತರ ಹರೆಯದವರು ತಮ್ಮ ಕಾಲದ ಹಾಡುಗಳಿಗೆ ಮಾತ್ರವಲ್ಲದೆ ತಮ್ಮ ತಂದೆತಾಯಿಯರ ಯೌವನದ ಕಾಲದ ಹಾಡುಗಳಿಗೂ ವಿಶೇಷವಾಗಿ ಒಲಿದಿದ್ದರು. ಕೃಷ್ಣರಾಜಪೇಟೆಯ ಕಡೆಯ ವಿದ್ಯಾರ್ಥಿಯೊಬ್ಬಳು ಇದನ್ನು ಕೇಳಿ, "ಹಾಗಾದರೆ ಮದುವೆಯ ಬ್ಯಾಂಡಿನವರಿಗೆ ಇದು ಮೊದಲೇ ಗೊತ್ತಿತ್ತು ಸಾರ್. ಹಳೆಯದು ಒಂದು, ಹೊಸದು ಒಂದು, ಹೀಗೇ ನುಡಿಸ್ತಾರೆ" ಎಂದಳು. ನಮಗೆ ಉತ್ತರ ತೋಚಲಿಲ್ಲ.

ಇಷ್ಟರವರೆಗೆ ಸುಖದ ಮಾತಾಯಿತು. ಇನ್ನು ಮುಂದಿನದು ಹಾಗಲ್ಲ.

ಅಭಿಮಾನಿಯಾದವನು ಹತ್ತಿರಕ್ಕೆ ಹೋಗಬಯಸುತ್ತಾನೆ. ನಾವೂ ಹೋದೆವು. ನಮ್ಮ ಕಾಲೇಜಿನ ದಿನಗಳ ಹೊತ್ತಿಗೆ ಮೆರವಣಿಗೆಗಳಲ್ಲಿ ಬ್ಯಾಂಡಿನ ಜೊತೆಗೆ, ಕೆಲವೆಡೆ ಬ್ಯಾಂಡಿನ ಬದಲಿಗೆ, ಲಾರಿಯ ಮೇಲೆ ಸಾಲಾಗಿ ಪೇರಿಸಿದ ಧ್ವನಿವರ್ಧಕಗಳು ಬಂದಿದ್ದವು. ಒಂದು ರಾತ್ರಿ ಅಂಥ ಮೆರವಣಿಗೆಯಲ್ಲಿ, ನಮಗೆ ಪ್ರಿಯವಾದ ಕ್ಲಾರಿಯೋನೆಟ್ಟನ್ನು ಮೈಕಿಗೆ ಹಿಡಿದಿದ್ದರೆಂದು, ಲಾರಿಯ ಎಡಬದಿಗೆ ಹತ್ತಿಕೊಂಡು, ಬಲಗಿವಿಯನ್ನು ಧ್ವನಿವರ್ಧಕಕ್ಕೆ ಒಡ್ಡಿ ಮೂರು ಗಂಟೆ ನಡೆದೆವು. ಮನೆಗೆ ಬಂದಾಗ ಕಿವಿಯಲ್ಲಿ ಶಿಳ್ಳೆ. ಬೆಳಗಾದರೂ ನಿಲ್ಲಲಿಲ್ಲ. ಅದು ಇಂದಿಗೂ ಇದೆ. ಈ ಲೇಖನವನ್ನು ಬರೆಯುತ್ತಿರುವಾಗಲೂ ಕೇಳಿಸುತ್ತಿದೆ. ಶ್ರವಣಪರೀಕ್ಷೆಯನ್ನು ಮಾಡಿಸಿದಾಗ ಎಡಗಿವಿ ನೆಟ್ಟಗಿದ್ದು, ಬಲಗಿವಿಯಲ್ಲಿ 4000 ಕಂಪನಗಳ ಆಸುಪಾಸಿನಲ್ಲಿ 25 ಡೆಸಿಬೆಲ್ಲಿನಷ್ಟು ಕೊರತೆ ಕಂಡುಬಂದಿತು. ಅತಿ ದೊಡ್ಡ ಧ್ವನಿಯಿಂದ ಕೆಡುವ ಕಿವಿಗಳಲ್ಲಿ ಬಹುಮಟ್ಟಿಗೆ ಮೊದಲು ಕೆಡುವುದು ಈ ಭಾಗವೇ.

ಒಳಗಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ಗಾಳಿಯ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸುವ ಕೆಲಸ ಅವುಗಳದು. ಚರ್ಮ ಹರಿದರೆ ಕೂಡುತ್ತದೆ, ಮೂಳೆ ಮುರಿದರೆ ಬೆಸೆಯುತ್ತದೆ. ಮನುಷ್ಯನಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾರ್ಖಾನೆಯ ಕೆಲಸಗಾರರ ಕಿವಿಯನ್ನು ಕಾಪಾಡಲು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಒಂದು ಲೆಕ್ಕವನ್ನು ಹಾಕಿಕೊಟ್ಟಿದೆ. 85 ಡೆಸಿಬೆಲ್ಲಿನ ಧ್ವನಿಯಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೆ ಇಳಿಯುತ್ತಾ ಬಂದರೆ 100 ಡೆಸಿಬೆಲ್ಲಿಗೆ ಸಿಕ್ಕುವುದು ಕೇವಲ 15 ನಿಮಿಷ. ನಾವು ನಡೆದುದು ಮೂರು ಗಂಟೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಬಯಲಿನಲ್ಲಿ ಧ್ವನಿವರ್ಧಕಗಳನ್ನು ನಿಷೇಧಿಸುವ ಶಬ್ದಮಾಲಿನ್ಯ ನಿಯಮಗಳು ನಮ್ಮ ದೇಶದಲ್ಲಿ 2000ದಲ್ಲಿಯೇ ಬಂದಿವೆ. ಅವುಗಳನ್ನು ಪಾಲಿಸಿದ ಮೆರವಣಿಗೆಗಳನ್ನು ಬೆರಳಲ್ಲಿ ಎಣಿಸಬಹುದು. ಆದರೂ ನಾವು ಆ ರಾತ್ರಿ ನಿಂತುದು ನಮ್ಮ ಇಚ್ಛೆಯಿಂದ. ನಮಗಿಂತ ಹೆಚ್ಚಿನ ಚಿಂತೆ ನುಡಿಸುವವರದು. ಒಂದು ಮದುವೆಯ ಕಾಲದಲ್ಲಿ ಬ್ಯಾಂಡಿನವನು ಟ್ರಂಪೆಟ್ಟಿನ ಮುಂದೆ, ಡ್ರಮ್ಮಿನ ಪಕ್ಕದಲ್ಲಿ ಕಳೆಯುವ ಗಂಟೆಗಳನ್ನು ಯಾರೂ ಲೆಕ್ಕ ಇಡುವುದಿಲ್ಲ. ಅವನ ಅನ್ನ ಅವನ ಕಿವಿಯಲ್ಲಿದೆ.

23 ಎಂಬ ಸಂಖ್ಯೆಯನ್ನು ನೆನಪಿಡಿರೆಂದು ಹೇಳಿದ್ದೆವಷ್ಟೆ. 4000 ಕಂಪನಗಳ ಧ್ವನಿಯಿಂದ ಒಂದು ಕಿಲೋಮೀಟರಿನ ಗಾಳಿ ತೆಗೆದುಕೊಳ್ಳುವ ಸುಂಕ 23 ಡೆಸಿಬೆಲ್. ನಮ್ಮ ಬಲಗಿವಿ ತೆಗೆದುಕೊಳ್ಳುವುದು 25. ಎಂದರೆ ಆ ಸ್ವರಗಳ ಮಟ್ಟಿಗೆ ನಮ್ಮ ಬಲಗಿವಿ ಯಾವ ಬ್ಯಾಂಡಿನಿಂದಲೂ ಸದಾ ಒಂದು ಕಿಲೋಮೀಟರು ದೂರದಲ್ಲಿ ನಿಂತುಬಿಟ್ಟಿದೆ. ಹನ್ನೆರಡರ ಹುಡುಗ ಆಲೆಮನೆಯಿಂದ ಎದ್ದು ಓಡಿ ಹತ್ತಿರಕ್ಕೆ ಹೋಗಬಹುದಾಗಿತ್ತು. ಈ ದೂರವನ್ನು ಹಾಗೆ ನಡೆದು ಕಳೆಯುವುದಕ್ಕೆ ಬರುವುದಿಲ್ಲ. ಕಿವಿಯಲ್ಲಿ ಶಿಳ್ಳೆ ಬಂದು ಒಂದು ದಿನವಾದರೂ ನಿಲ್ಲದ ವಿದ್ಯಾರ್ಥಿಗಳು ನಾಚಿಕೆಪಡದೆ ಬೇಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಈ ನಾಲ್ಕು ತಾಲ್ಲೂಕುಗಳಿಂದಲೂ ಬೆಳಿಗ್ಗೆ ಹೋಗಿ ಸಂಜೆಗೆ ಹಿಂದಿರುಗಬಹುದು.

ಕಳೆದ ಚಳಿಗಾಲದಲ್ಲಿ ನಾವು ಕೆಲವು ವಿದ್ಯಾರ್ಥಿಗಳೊಡನೆ ಅದೇ ನಾಲೆಯ ಏರಿಯ ಮೇಲೆ ಒಂದು ಪ್ರಯೋಗವನ್ನು ಮಾಡಿದೆವು. ಇದಕ್ಕೆ ಬೇಕಾದುದು ಗಡಿಯಾರ, ಉಷ್ಣಮಾಪಕ, ಒಂದು ಟಿಪ್ಪಣಿ ಪುಸ್ತಕ, ಮತ್ತು ದೂರದ ಊರಿನಲ್ಲಿ ಒಂದು ಮದುವೆ. ನೆಲದಿಂದ ಒಂದು ಗೇಣಿನ ಎತ್ತರದಲ್ಲಿಯೂ, ಉದ್ದನೆಯ ಬಿದಿರಿಗೆ ಕಟ್ಟಿ ಮೇಲಕ್ಕೆತ್ತಿಯೂ ಉಷ್ಣತೆಯನ್ನು ಅಳೆಯಬೇಕು. ಮೇಲೆ ಹೆಚ್ಚಿದ್ದರೆ ಧ್ವನಿ ಕೆಳಕ್ಕೆ ಬಾಗುವ ರಾತ್ರಿ ಅದು. ಯಾವ ವಾದ್ಯ ಎಷ್ಟು ಗಂಟೆಗೆ ಮೊದಲು ಕೇಳಿಸಿತೆಂಬುದನ್ನು ಒಬ್ಬರ ಪುಸ್ತಕವನ್ನೊಬ್ಬರು ನೋಡದೆ ಬರೆಯಬೇಕು. ನಮ್ಮವರಲ್ಲಿ ಎಲ್ಲರ ಪುಸ್ತಕದಲ್ಲಿಯೂ ಡ್ರಮ್ಮು ಮೊದಲು ಬಂದಿತ್ತು. ಕ್ಲಾರಿಯೋನೆಟ್ಟಿನ ವಿಷಯದಲ್ಲಿ ಮಾತ್ರ ಒಂದೆರಡು ನಿಮಿಷಗಳ ವ್ಯತ್ಯಾಸವಿತ್ತು. ನಾವು ಮೊದಲು ಎಡಗಿವಿಯನ್ನು ಮುಚ್ಚಿಕೊಂಡೂ ಆಮೇಲೆ ಬಲಗಿವಿಯನ್ನು ಮುಚ್ಚಿಕೊಂಡೂ ಕೇಳಿದೆವು. ಅಷ್ಟು ದೂರದಲ್ಲಿ ಎರಡು ಕಿವಿಗಳಿಗೂ ವ್ಯತ್ಯಾಸವೇ ತಿಳಿಯಲಿಲ್ಲ. ಆಮೇಲೆ ವಿದ್ಯಾರ್ಥಿಗಳು ಬ್ಯಾಂಡನ್ನು ಹತ್ತಿರದಿಂದ ಕೇಳಿಬರುತ್ತೇವೆಂದು ಏರಿಯಿಂದ ಇಳಿದು ಹೊರಟರು. ನಾವು ಬಿದಿರಿನ ಉಷ್ಣಮಾಪಕವನ್ನು ನೋಡಿಕೊಳ್ಳುತ್ತ ಅಲ್ಲಿಯೇ ಕುಳಿತೆವು. ಬೆಳಗಿನ ಜಾವಕ್ಕೆ ಟಿಪ್ಪಣಿ ಪುಸ್ತಕದ ರಟ್ಟು ಇಬ್ಬನಿಯಲ್ಲಿ ತೊಯ್ದುಹೋಗಿತ್ತು.